ಅವ್ವ ತೇಯ್ದ ಗುಳಿಗೆ

ನನ್ನ ಉದ್ಯೋಗವೇ ಕೂಗುವುದು. ಕುಷ್ಟಗಿಯಿಂದ ಯಲಬುರ್ಗಾ, ಕುಕನೂರು ಹಾಯ್ದು ಕೊಪ್ಪಳ ಮುಟ್ಟುವ ಸರಕಾರಿ ಬಸ್ಸಿಗೆ ನಾನು ಕಂಡಕ್ಟರ್. ಬಸ್‌ಸ್ಟ್ಯಾಂಡಿನಲ್ಲಿ ನಾನು ಊರುಗಳ ಹೆಸರು ಕೂಗಿದರೆ ಮೂತ್ರಿಖಾನೆಯಲ್ಲಿದ್ದವರೂ ಓಡಿ ಬರುತ್ತಾರೆ ಎಂದು ಡ್ರೈವರುಗಳು ಚೇಷ್ಟೆ ಮಾಡುತ್ತಿದ್ದರು. ಕೂಗಿಗೆ ಬಿಡುವು ಕೊಡಲು ಕೊರಳಲ್ಲಿ ಒಂದು ಸೀಟಿ. ಒಮ್ಮೆ ಊದಿದರೆ ಬಸ್ಸು ನಿಲ್ಲಬೇಕು, ಎರಡು ಸಲ ಊದಿದರೆ ಹೊರಡಬೇಕು. ಈ ಸೀಟಿಯ ಮಾತು ಮುಂದೆ ಬರುತ್ತದೆ, ಅದಕ್ಕೇ ಮೊದಲೇ ಹೇಳಿಟ್ಟೆ.

ಅಂಥ ನನ್ನ ದನಿ ಒಂದು ಚಳಿಗಾಲ ಒಡೆಯಿತು. ಧೂಳು ಎಂದೆ, ಶೀತ ಎಂದೆ. ಮನೆ ಸ್ವಲ್ಪ ತಣ್ಣಗಾಯಿತು ಎಂದು ನನ್ನ ಹೆಂಡತಿ ರೇಣುಕಾ ನಕ್ಕಳು. ಅವ್ವ ಜೇಷ್ಠಮಧು ತೇಯ್ದು ನೆಕ್ಕಿಸಿದಳು, ಶುಂಠಿ ಕಷಾಯ ಕುಡಿಸಿದಳು. ಹೋಳಿ ಹುಣ್ಣಿಮೆ ಕಳೆದರೂ ದನಿ ಬರಲಿಲ್ಲ. ಬದಲಿಗೆ ಅನ್ನದ ಅಗುಳು ಗಂಟಲಲ್ಲಿ ತಡೆಯತೊಡಗಿತು. ಕೊಪ್ಪಳದ ಡಾಕ್ಟರು ಬಾಯೊಳಗೆ ಬೆಳಕು ಬಿಟ್ಟು ನೋಡಿ, ಏನೂ ಹೇಳದೆ ಹುಬ್ಬಳ್ಳಿಗೆ ಚೀಟಿ ಬರೆದರು. ಡಾಕ್ಟರು ಏನೂ ಹೇಳದಿದ್ದರೆ ಹೇಳುವಂಥದ್ದು ಬಹಳ ಇದೆ ಎಂದೇ ಅರ್ಥ.

ಹುಬ್ಬಳ್ಳಿಯ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ನನಗೆ ಮೊದಲು ಕಂಡದ್ದು ಟವೆಲ್ಲುಗಳು. ಗಂಡಸರೆಲ್ಲ ಬಾಯಿ, ಗಲ್ಲ, ಕೊರಳು ಮುಚ್ಚಿ ಟವೆಲ್ಲು ಸುತ್ತಿಕೊಂಡು ಕೂತಿದ್ದರು. ಪಕ್ಕದಲ್ಲಿದ್ದ ಹುಲಿಹೈದರದ ಅಜ್ಜ ಒಬ್ಬನೇ ಟವೆಲ್ಲು ಸುತ್ತದೆ, ಹೊಲಿಗೆ ಹಾಕಿದ ಗಲ್ಲ ಎಲ್ಲರಿಗೂ ಕಾಣುವಂತೆ ಕೂತು ನನ್ನನ್ನು ಮಾತಾಡಿಸಿದ.

"ಯಾವ ಸ್ಟೇಜ್ ಅಂದ್ರು ನಿನಗ?"

"ಎರಡನೇದಂತ ಅಜ್ಜಾರ."

"ಹಂಗಾರ ಹತ್ತಿರದಾಗ ಇಳೀತಿ ಬಿಡು. ನಾ ಭಾಳ ದೂರ ಹೋಗಿ ಹೊಳ್ಳಿ ಬಂದೀನಿ."

ಬಸ್ಸಿನಲ್ಲಿ ಸ್ಟೇಜಿಗೆ ಇಷ್ಟು ಎಂದು ಟಿಕೆಟ್ ಹರಿಯುವ ನನಗೆ ಸ್ಟೇಜಿನ ಲೆಕ್ಕ ಆ ಅಜ್ಜ ಹೇಳಿಕೊಟ್ಟ. ಆ ದಿನ ನಾನು ನಕ್ಕದ್ದು ಅದೊಂದೇ ಸಲ. ಮನೆಗೆ ಬಂದು ಹೇಳಿದಾಗ ಅವ್ವ ಅಳಲಿಲ್ಲ. ಒಲೆಯ ಮುಂದೆ ಕೂತಿದ್ದವಳು ರೊಟ್ಟಿ ಹೆಂಚಿನ ಮೇಲೆಯೇ ಕರಕಾಗುವವರೆಗೆ ನನ್ನ ಮುಖ ನೋಡಿದಳು. ಆಮೇಲೆ, "ಹುಟ್ಟಿದಾಗ ನೀ ಮುಷ್ಟಿಯಷ್ಟ ಇದ್ದಿ, ಉಳಿಯಂಗಿಲ್ಲ ಅಂದಿದ್ರು. ನಾ ಉಳಿಸಿಕೊಂಡಿಲ್ಲೇನು?" ಎಂದಳು.

ಅವ್ವ ನನ್ನನ್ನು ಉಳಿಸಿಕೊಂಡದ್ದು ಗುಟ್ಟಿ ಹಾಕಿ. ನಮ್ಮ ಕಡೆ ಕೂಸುಗಳಿಗೆ ಬಜೆ, ಅಳಲೆಕಾಯಿ, ಜಾಜಿಕಾಯಿ ಇಂಥವನ್ನು ತಾಯಿಯ ಹಾಲಿನಲ್ಲಿ ಸಾಣೆಕಲ್ಲಿನ ಮೇಲೆ ತೇಯ್ದು ಬೆರಳಿನಿಂದ ನೆಕ್ಕಿಸುತ್ತಾರೆ. ಅದೇ ಗುಟ್ಟಿ. ಅವ್ವನ ಸಾಣೆಕಲ್ಲು ತವರಿನಿಂದ ಬಂದದ್ದು. ಅಂಗೈಯಗಲದ ಕರಿಕಲ್ಲು, ನಡುವೆ ತೇಯ್ದು ತೇಯ್ದು ಬಿದ್ದ ತಗ್ಗು. ಕುಕನೂರಿನ ನಮ್ಮ ಓಣಿಯ ಅರ್ಧ ಮಂದಿ ಆ ತಗ್ಗಿನಿಂದಲೇ ಬೆಳೆದವರು. ಯಾವ ಬೇರಿಗೆ ಎಷ್ಟು ಸುತ್ತು ಎಂಬುದು ಅವಳಿಗೆ ಬಾಯಿಪಾಠ. ಜಾಜಿಕಾಯಿ ಮಾತ್ರ ಒಂದೇ ಸುತ್ತು. ಜಾಸ್ತಿ ತೇಯ್ದರೆ ಕೂಸು ಮಂಕಾಗುತ್ತದೆ ಎಂದು ಅವಳೇ ಎಲ್ಲರಿಗೂ ಎಚ್ಚರಿಸುತ್ತಿದ್ದಳು.

ರೇಣುಕಾ ಅಂಗನವಾಡಿ ಟೀಚರ್. ಆರು ತಿಂಗಳವರೆಗೆ ತಾಯಿಯ ಹಾಲು ಬಿಟ್ಟು ಬೇರೇನೂ ಕೂಸಿನ ಬಾಯಿಗೆ ಹೋಗಬಾರದು ಎಂದು ಊರಿಗೆಲ್ಲ ಹೇಳುವುದು ಅವಳ ಕೆಲಸ. ಅತ್ತೆ ಮನೆಯಲ್ಲಿ ಕೂತು ಗುಟ್ಟಿ ಹಾಕುತ್ತಿದ್ದರೆ ಸೊಸೆ ಬೀದಿಯಲ್ಲಿ ಬೇಡ ಎನ್ನುತ್ತಿದ್ದಳು. ಇಬ್ಬರ ನಡುವೆ ನಾನು ಬಿಸಿತುಪ್ಪ ಬಾಯಿಗೆ ಹಾಕಿಕೊಂಡವನಂತೆ, ನುಂಗಲಾರೆ, ಉಗುಳಲಾರೆ.

ಆ ಮಾತು ಆಮೇಲೆ ನಿಜವಾಗಿಯೇ ನನ್ನ ಪಾಲಿಗೆ ಬಂತು. ಕರೆಂಟು ಹಿಡಿಯುವುದು ಎಂದು ನಮ್ಮ ಮಂದಿ ಕರೆಯುವ ರೇಡಿಯೇಷನ್ ಚಿಕಿತ್ಸೆಗೆ ಹುಬ್ಬಳ್ಳಿಯಲ್ಲೇ ರೂಮು ಹಿಡಿದು ಉಳಿದೆವು. ಮುಖಕ್ಕೆ ಜಾಳಿಗೆಯಂಥ ಮುಖವಾಡ ಹಾಕಿ ಮೇಜಿಗೆ ಬಿಗಿಯುತ್ತಿದ್ದರು. ಹೆದರಿಕೆಯಾದರೆ ಕೈ ಎತ್ತು ಎನ್ನುತ್ತಿದ್ದರು. ನಾನು ಮನಸ್ಸಿನಲ್ಲೇ ಬಸ್ಸು ಬಿಡುತ್ತಿದ್ದೆ, ಕುಷ್ಟಗಿಯಿಂದ ಹೊರಟು ಒಂದೊಂದೇ ಊರು ದಾಟುತ್ತಿದ್ದೆ. ಯಲಬುರ್ಗಾ ಬರುವುದರೊಳಗೆ ಯಂತ್ರ ನಿಲ್ಲುತ್ತಿತ್ತು. ಚಿಕಿತ್ಸೆ ಮುಗಿಯುವ ಹೊತ್ತಿಗೆ ಗಂಟಲೊಳಗೆಲ್ಲ ಹುಣ್ಣು. ಎಂಜಲು ನುಂಗುವುದಕ್ಕೂ ಕಣ್ಣಲ್ಲಿ ನೀರು. ಮಾತು ಪೂರ್ತಿ ನಿಂತಿತು.

ಆ ನೋವಿಗೆ ಕೊಟ್ಟದ್ದು ಮಾರ್ಫಿನ್ ಗುಳಿಗೆ, ಬೆಳಿಗ್ಗೆ ಒಂದು, ಸಂಜೆ ಒಂದು. ಹೆಸರು ಕೇಳಿ ಹೆದರಿದ್ದೆ. ಆದರೆ ಅದು ನೋವನ್ನು ಹೊಡೆದು ಓಡಿಸುತ್ತಿರಲಿಲ್ಲ, ದೂರ ಕೂರಿಸುತ್ತಿತ್ತು. ನೋವು ಬಾಗಿಲಾಚೆ ಕೂತು ನನ್ನನ್ನು ನೋಡುತ್ತಿದ್ದರೂ ಒಳಗೆ ಬರುತ್ತಿರಲಿಲ್ಲ. ಅಷ್ಟೇ ಸಾಕಾಗಿತ್ತು. ಹುಬ್ಬಳ್ಳಿ ಬಿಡುವಾಗ ನರ್ಸ್ ರೇಣುಕಾಗೆ ಒಂದು ರಾಶಿ ಮಾತು ಹೇಳಿದಳು. ಉಪ್ಪುನೀರು ಮುಕ್ಕಳಿಸುವುದು, ಖಾರ ಮುಟ್ಟದಿರುವುದು, ಕೊರಳಿಗೆ ಎಣ್ಣೆ ಹಚ್ಚದಿರುವುದು. ಅದರೊಳಗೇ ಒಂದು, ಈ ಗುಳಿಗೆ ಮುರಿಯಬಾರದು, ಅಗಿಯಬಾರದು, ಇದ್ದಂತೆಯೇ ನುಂಗಬೇಕು. ಆಗ ನಾನು ಹೇಗೋ ನುಂಗುತ್ತಿದ್ದೆ. ಹಾಗಾಗಿ ಆ ಮಾತು ಯಾರ ಮನಸ್ಸಿನಲ್ಲೂ ಊರಲಿಲ್ಲ. ಖಾರದ ಮಾತು ನೆನಪಿತ್ತು, ಎಣ್ಣೆಯ ಮಾತು ನೆನಪಿತ್ತು. ಔಷಧವನ್ನು ತೇಯ್ದೋ ಕುದಿಸಿಯೋ ಕುಡಿದೇ ಬೆಳೆದ ಮನೆಯಲ್ಲಿ ಗುಳಿಗೆ ತೇಯುವುದರಲ್ಲಿ ಅಪಾಯ ಇದ್ದೀತು ಎಂದು ಯಾರಿಗೆ ಹೊಳೆಯಬೇಕು?

ಊರಿಗೆ ಬಂದ ಮೇಲೆ ರೇಣುಕಾಳ ರಜೆ ತೀರಿತು. ಹಗಲೆಲ್ಲ ಮನೆಯಲ್ಲಿ ನಾನು, ಅವ್ವ. ಮಾತು ಬಾರದ ನನಗೆ ಸೀಟಿಯೇ ನಾಲಿಗೆ. ಒಂದು ಊದಿದರೆ ಬೇಡ, ಎರಡು ಊದಿದರೆ ಬೇಕು. ಅವ್ವ ಎರಡೇ ದಿನದಲ್ಲಿ ಕಲಿತಳು.

ಒಂದು ಬೆಳಿಗ್ಗೆ ಗುಳಿಗೆ ಇಳಿಯಲಿಲ್ಲ. ನೀರಿನ ಜೊತೆ ಹಾಕಿಕೊಂಡೆ, ಹಾಗೇ ಮೇಲೆ ಬಂತು. ಮತ್ತೆ ಹಾಕಿಕೊಂಡೆ, ಮತ್ತೆ ಬಂತು. ಕೆಮ್ಮಿ ಕೆಮ್ಮಿ ಗೋಡೆ ಹಿಡಿದು ನಿಂತೆ. ರೇಣುಕಾ ಆಗಲೇ ಅಂಗನವಾಡಿಗೆ ಹೋಗಿದ್ದಳು. ಅವ್ವ ನೆಲದ ಮೇಲೆ ಬಿದ್ದ ಗುಳಿಗೆ ಎತ್ತಿ ಸೆರಗಿನಲ್ಲಿ ಒರೆಸಿದಳು.

"ಯಾಕ ಇಷ್ಟು ತ್ರಾಸ ತಗೋತಿ ಮಗಾ? ಹೊಟ್ಟ್ಯಾಗ ಹೋದ ಮ್ಯಾಲ ಇದು ಕರಗೂದ ಹೌದಲ್ಲ? ಅದನ್ನ ಇಲ್ಲೇ ಕರಗಿಸಿ ಕೊಡ್ತೀನಿ ತಡಿ."

ಆ ಮಾತಿನಲ್ಲಿ ತಪ್ಪು ಹುಡುಕಲು ಇಂದಿಗೂ ನನಗೆ ಕಷ್ಟ. ಕಲ್ಲು ತೊಳೆದು ತಂದಳು. ತಣ್ಣನೆಯ ಹಾಲಿನ ಹನಿ ಬಿಟ್ಟು ಗುಳಿಗೆ ತೇಯ್ದಳು. ಗುಳಿಗೆ ಸುಲಭಕ್ಕೆ ಬಗ್ಗಲಿಲ್ಲ. "ಭಾಳ ಹಟಮಾರಿ ಐತಿ ಇದು" ಎಂದು ಇನ್ನಷ್ಟು ಒತ್ತಿದಳು. ಹಟಮಾರಿಯಾಗಿ ಇರುವುದೇ ಅದರ ಕೆಲಸ ಎಂದು ನಮಗೆ ಗೊತ್ತಿರಲಿಲ್ಲ. ಬಿಳಿ ಗಂಧದಂತೆ ಆದದ್ದನ್ನು ಬೆರಳಿನಿಂದ ಬಳಿದು ನನ್ನ ನಾಲಿಗೆಗೆ ಹಚ್ಚಿದಳು. ನಲವತ್ತು ದಾಟಿದ, ಮೀಸೆ ಬಂದ ಕೂಸು ಬಾಯಿ ತೆರೆದು ನೆಕ್ಕಿತು.

ಸ್ವಲ್ಪ ಹೊತ್ತಿಗೆ ನೋವು ಹೋಯಿತು. ಬಾಗಿಲಾಚೆ ಕೂತಿದ್ದ ನೋವು ಊರು ಬಿಟ್ಟೇ ಹೋದಂತೆ. ತಿಂಗಳುಗಳಿಂದ ನಾನು ಅಂಥ ಸುಖ ಕಂಡಿರಲಿಲ್ಲ. ಅವ್ವನ ಕೈಗುಣ ಎಂದುಕೊಂಡೆ. ಅವಳ ಕೈ ಹಿಡಿದು ಹಣೆಗೆ ಒತ್ತಿಕೊಂಡೆ, ಅವಳ ಕಣ್ಣು ತುಂಬಿತು. ಆ ಗಳಿಗೆ ಸುಳ್ಳಲ್ಲ, ಅದನ್ನು ನಾನು ಇವತ್ತಿಗೂ ಬಿಟ್ಟುಕೊಡುವುದಿಲ್ಲ.

ನಿದ್ದೆ ಬಂತು. ಆದರೆ ಮಧ್ಯಾಹ್ನದ ಹೊತ್ತಿಗೆ ನೋವು ಹೊಳ್ಳಿ ಬಂತು, ಮೊದಲಿಗಿಂತ ಸಿಟ್ಟಾಗಿ. ಸಂಜೆಯವರೆಗೆ ಕಾಯಬೇಕಾದ ನೋವು ಅದು. ನಾನು ನರಳುವುದನ್ನು ನೋಡಿ ಅವ್ವ ಸಂಜೆಯ ಗುಳಿಗೆಯನ್ನು ಆಗಲೇ ತೇಯ್ದಳು. ನೆಕ್ಕಿದ್ದು ನೆನಪಿದೆ. ಆಮೇಲಿನದು ನನಗೆ ಗೊತ್ತಿಲ್ಲ, ರೇಣುಕಾ ಮತ್ತು ಅವ್ವ ಹೇಳಿದ್ದು. ನಿದ್ದೆಯಲ್ಲೂ ನಾನು ಗೊರಗೊರ ಎನ್ನುತ್ತಿದ್ದೆನಂತೆ. ನೋವು ಇನ್ನೂ ಬಿಟ್ಟಿಲ್ಲ ಎಂದು ತಿಳಿದು ಅವ್ವ ಮತ್ತೊಂದು ತೇಯ್ದು ತುಟಿಯೊಳಗೆ ಹಚ್ಚಿದಳಂತೆ.

ನಾಲ್ಕರ ಸುಮಾರಿಗೆ ರೇಣುಕಾ ಬಂದಾಗ ಅವ್ವ ನನ್ನ ತಲೆಯ ಬಳಿ ಕೂತು ಮೊರದಿಂದ ಗಾಳಿ ಹಾಕುತ್ತಿದ್ದಳು.

"ಸಪ್ಪಳ ಮಾಡಬ್ಯಾಡ. ಎಷ್ಟ ದಿನಕ್ಕ ಕಣ್ಣು ಹತ್ತ್ಯಾವ ನನ್ನ ಮಗನಿಗೆ."

ರೇಣುಕಾ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ನೋಡಿದಳು. ಒಂದು ಗೊರಕೆ, ಆಮೇಲೆ ಏನೂ ಇಲ್ಲ. ಅವಳು ಕಾಯುತ್ತಾ ನಿಂತಳು. ಬಹಳ ಹೊತ್ತಿನ ಮೇಲೆ ಇನ್ನೊಂದು ಗೊರಕೆ. ತುಟಿ ನೇರಳೆ ಹಣ್ಣು ತಿಂದವನಂತಿತ್ತು. ಹೆಸರು ಹಿಡಿದು ಕರೆದಳು. ನಮ್ಮ ಸಂಸಾರದಲ್ಲಿ ಅವಳು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು, ನನಗೆ ಕೇಳಿಸಲಿಲ್ಲ. ತೊಡೆ ಚಿವುಟಿದಳು, ಮುಖಕ್ಕೆ ನೀರು ಹೊಡೆದಳು. ಏಳಲಿಲ್ಲ.

"ಅತ್ತಿ, ಏನ ಕೊಟ್ಟ್ರಿ?"

"ಅವಂದ ಗುಳಿಗೀನ ಕೊಟ್ಟೀನವಾ. ಬ್ಯಾರೇ ಏನೂ ಇಲ್ಲ. ತೇದು ಕೊಟ್ಟೀನಿ, ಅಷ್ಟ."

ಆಂಬ್ಯುಲೆನ್ಸ್ ಬಂತು. ಕುಕನೂರಿನ ದವಾಖಾನೆಯಲ್ಲಿ ಮೂಗಿಗೆ ಗಾಳಿ ಹಚ್ಚಿ ಕೊಪ್ಪಳಕ್ಕೆ ಕಳಿಸಿದರು. ಯಾವ ರಸ್ತೆಯ ಪ್ರತಿ ಹಂಪು, ಪ್ರತಿ ಸ್ಟಾಪು ನನಗೆ ನಿದ್ದೆಯಲ್ಲೂ ಗೊತ್ತಾಗುತ್ತಿತ್ತೋ ಆ ರಸ್ತೆಯಲ್ಲಿ ಆ ದಿನ ನಾನು ಒಂದು ಊರನ್ನೂ ಅರಿಯದೆ ಹೋದೆ. ದಾರಿಯುದ್ದಕ್ಕೂ ರೇಣುಕಾ ನನ್ನ ಎದೆಯ ಮೇಲೆ ಕೈಯಿಟ್ಟು, ಎದೆ ಏಳುವುದು ತಡವಾದಾಗಲೆಲ್ಲ "ಉಸಿರು ತಗೋರಿ, ತಗೋರಿ" ಎಂದು ಅಲುಗಾಡಿಸುತ್ತಿದ್ದಳಂತೆ.

ಕೊಪ್ಪಳದ ಆಸ್ಪತ್ರೆಯಲ್ಲಿದ್ದವಳು ಗಂಗಾವತಿ ಕಡೆಯ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಏನು ಕೊಟ್ಟಿರಿ, ಎಷ್ಟು ಕೊಟ್ಟಿರಿ ಎಂದು ಕೇಳಿದಾಗ ರೇಣುಕಾ ಗುಳಿಗೆಯ ಪಟ್ಟಿ ತೋರಿಸಿದಳು. ಅವ್ವ ಸೆರಗು ಬಿಚ್ಚಿ ಸಾಣೆಕಲ್ಲನ್ನೇ ಹೊರಗೆ ತೆಗೆದಳು. ಮನೆಯಿಂದ ಅದನ್ನು ಮಡಿಲಲ್ಲಿ ಇಟ್ಟುಕೊಂಡೇ ಬಂದಿದ್ದಳು. ನಡುವಿನ ತಗ್ಗಿನಲ್ಲಿ ಬಿಳಿಯದು ಇನ್ನೂ ಒಣಗಿ ಅಂಟಿತ್ತು.

"ಇದರಾಗ ತೇದೀನ್ರಿ. ಕಲ್ಲು ತೊಳದ ತೇದೀನ್ರಿ."

ಡಾಕ್ಟರಮ್ಮ ಕಲ್ಲು ನೋಡಿದಳು, ಅವ್ವನನ್ನು ನೋಡಿದಳು. ನರ್ಸಿಗೆ ಏನೋ ಹೇಳಿದಳು. ಒಂದು ಇಂಜೆಕ್ಷನ್ ಚುಚ್ಚಿದರು.

ನಾನು ಎದ್ದೆ. ಎದ್ದೆ ಎನ್ನುವುದಕ್ಕಿಂತ ಎಳೆದು ತಂದರು ಎನ್ನಬೇಕು. ಆ ಮದ್ದು ಮಾರ್ಫಿನ್ನನ್ನು ತಳ್ಳಿಹಾಕುತ್ತದಂತೆ, ಹಾಗಾಗಿ ಅಷ್ಟು ದಿನದ ನೋವೆಲ್ಲ ಒಂದೇ ಏಟಿಗೆ ಗಂಟಲಿಗೆ ಬಂದು ಕೂತಿತು. ಎಬ್ಬಿಸಿದವರನ್ನು ಮನಸ್ಸಿನಲ್ಲೇ ಬೈದೆ. ಕಣ್ಣು ತೆರೆದಾಗ ಮೊದಲು ಕಂಡದ್ದು ಮಂಚದ ಕೊನೆಯಲ್ಲಿ ನಿಂತ ಅವ್ವ. ನಾನು ಬದುಕಿದ್ದನ್ನು ನೋಡಿ ಅವಳು ನಗಲಿಲ್ಲ, ಹತ್ತಿರ ಬರಲಿಲ್ಲ. ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು. ಗುಳಿಗೆಯ ಪ್ರಭಾವ ಪೂರ್ತಿ ಇಳಿಯುವವರೆಗೆ ಇಂಜೆಕ್ಷನ್ ಮತ್ತೆ ಮತ್ತೆ ಬೇಕಾಗಬಹುದೆಂದು ನನ್ನನ್ನು ಅಲ್ಲೇ ಇಟ್ಟುಕೊಂಡರು.

ಆಮೇಲೆ ಡಾಕ್ಟರಮ್ಮ ಅವ್ವನನ್ನು ಸ್ಟೂಲಿನ ಮೇಲೆ ಕೂರಿಸಿ ಹೇಳಿದ ಮಾತು ನನಗೆ ಕೇಳಿಸಿತು.

"ಅಮ್ಮಾ, ಹೊಲಕ್ಕ ಹೋಗೂ ಮನಶ್ಯಾಗ ದಿನದ ಬುತ್ತಿ ಕಟ್ಟಿ ಕೊಡ್ತೀರಲ್ಲ, ಈ ಗುಳಿಗಿ ಹಂಗ. ಅರ್ಧ ದಿನದ ಬುತ್ತಿ ಒಳಗ ಐತಿ. ಅದು ಗಟ್ಟಿ ಯಾಕ ಐತಿ ಅಂದ್ರ ಸ್ವಲ್ಪ ಸ್ವಲ್ಪ ಬಿಚ್ಚಬೇಕಂತ. ತೇದ್ರ ಗಂಟು ಬಿಚ್ಚಿ ಎಲ್ಲಾ ಒಂದ ತುತ್ತಿಗಿ ಹೊಟ್ಟಿಗಿ ಹೋಗ್ತೈತಿ."

ಅವ್ವ ಮಡಿಲಲ್ಲಿದ್ದ ಕಲ್ಲಿನ ತಗ್ಗು ಸವರಿ, "ಹಂಗಾರ ಜಾಜಿಕಾಯಿ ಇದ್ದಂಗ" ಎಂದಳು.

"ಅದಕ್ಕಿಂತ ಭಾಳ ಜೋರ ಅಮ್ಮಾ. ನಿಮ್ಮ ತಪ್ಪಲ್ಲ. ನುಂಗಾಕ ಆಗವಲ್ದು ಅಂತ ನಮಗ ತಿಳಿಸಿದ್ರ ಬ್ಯಾರೆ ಔಷಧ ಕೊಡ್ತಿದ್ವಿ."

ತಪ್ಪಲ್ಲ ಎಂದರೂ ಅವ್ವನಿಗೆ ಅದು ಇಳಿಯಲಿಲ್ಲ. ಪಕ್ಕದ ಮಂಚದಲ್ಲಿ ಗಿಣಿಗೇರಾದ ಕಾರ್ಖಾನೆಯಲ್ಲಿ ಕೈ ಸುಟ್ಟುಕೊಂಡವನೊಬ್ಬ ಇದ್ದ. ಅವನ ಹೆಂಡತಿ ಯಾರು ಏನು ಎಂದು ಕೇಳದೆ ತನ್ನ ಚಹಾದಲ್ಲಿ ಅರ್ಧ ಬಸಿದು ಅವ್ವನ ಕೈಗೆ ಕೊಟ್ಟಳು. ಅವ್ವ ಲೋಟ ಹಿಡಿದು ಅತ್ತಳು. ಆ ಹೆಣ್ಣುಮಗಳು ಬೆನ್ನು ಸವರುತ್ತಾ ಕೂತಳು. ಅವಳ ಹೆಸರೂ ನನಗೆ ಗೊತ್ತಿಲ್ಲ, ಅವಳ ಹೊಟ್ಟೆ ತಣ್ಣಗಿರಲಿ.

ಮನೆಗೆ ಬಂದ ಮೇಲೆ ಇನ್ನೊಂದು ಕಷ್ಟ ಕಾದಿತ್ತು. ಗಂಗಾವತಿಯ ರೈಸ್‌ಮಿಲ್ಲಿನಲ್ಲಿ ಕೆಲಸ ಮಾಡುವ ನನ್ನ ತಮ್ಮ ಈರಣ್ಣ ಓಡಿ ಬಂದಿದ್ದ. "ಇನ್ನ ಆ ಸುಡಗಾಡ ಗುಳಿಗಿ ಈ ಮನ್ಯಾಗ ಬ್ಯಾಡ. ಬ್ಯಾನಿ ಆದ್ರ ತಡಕೊಳ್ಳಲಿ, ಜೀವ ಇದ್ರ ಸಾಕು" ಎಂದು ಪಟ್ಟಿಗಳನ್ನು ತೆಗೆದುಕೊಂಡು ಹೋದ. ಡಾಕ್ಟರಮ್ಮ ಹೇಳಿದ ಹೊಸ ಔಷಧವನ್ನೂ ತರಗೊಡಲಿಲ್ಲ. ಪ್ರೀತಿಯಿಂದಲೇ ಹೇಳಿದ, ಅದಕ್ಕೇ ಯಾರೂ ಎದುರಾಡಲಿಲ್ಲ. ನನ್ನ ಬ್ಯಾನಿ ಅವನಿಗೇನು ಗೊತ್ತು? ಜ್ವರಕ್ಕೆ ಕೊಡುವ ಔಷಧ ಕುಡಿಸಿದರು. ನಾನು ಗೋಡೆಗೆ ತಲೆ ಚಚ್ಚಿದೆ. ನೀರು ಬಿಟ್ಟೆ, ಗಂಜಿ ಬಿಟ್ಟೆ. ಸೀಟಿ ಊದಿದೆ. ಒಂದು, ಮತ್ತೊಂದು, ಮತ್ತೊಂದು. ನಿಲ್ಲಿಸು ಎಂದು ಯಾವ ಡ್ರೈವರಿಗೆ ಹೇಳುತ್ತಿದ್ದೆನೋ. ಅವ್ವ ಹಿತ್ತಲ ಬಾಗಿಲಲ್ಲಿ ಕೂತು ಕಿವಿ ಮುಚ್ಚಿಕೊಳ್ಳುತ್ತಿದ್ದಳು.

ಗುಳಿಗೆ ತೇಯ್ದದ್ದು ಒಂದು ಅಪಾಯ, ಹೆದರಿ ಔಷಧವನ್ನೇ ಬಿಡಿಸಿದ್ದು ಇನ್ನೊಂದು. ಮೊದಲನೆಯದರಲ್ಲಿ ನಾನು ಸಾಯುತ್ತಿದ್ದೆ, ನನಗೆ ಗೊತ್ತಾಗುತ್ತಿರಲಿಲ್ಲ. ಎರಡನೆಯದರಲ್ಲಿ ಸಾಯಬೇಕೆಂದು ನಾನೇ ಬಯಸಿದೆ. ಇದನ್ನು ಬರೆಯಲು ನಾಚಿಕೆಯಿಲ್ಲ.

ಕೊನೆಗೆ ರೇಣುಕಾ ಈರಣ್ಣನಿಗೆ ಫೋನು ಮಾಡಿ, "ನಿಮ್ಮ ಅಣ್ಣನ ಬ್ಯಾನಿ ನೋಡಾಕ ಇಲ್ಲಿ ಬಂದು ಕುಂದರ್ರಿ, ಇಲ್ಲಾಂದ್ರ ಸುಮ್ಮನಿರ್ರಿ" ಎಂದು ಹೇಳಿ ನನ್ನನ್ನು ಕೊಪ್ಪಳಕ್ಕೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಅದೇ ಔಷಧವನ್ನು ನೀರಿನ ರೂಪದಲ್ಲಿ, ಲೆಕ್ಕ ಹೊಸದಾಗಿ ಹಾಕಿ ಕೊಟ್ಟಳು. ಜೊತೆಗೆ ಗೀಟು ಹಾಕಿದ ಸಣ್ಣ ಕಪ್ಪು. ಗೀಟು ದಾಟಬಾರದು, ಹೊತ್ತು ತಪ್ಪಬಾರದು, ಮಂಕಾದರೆ ಕೊಡದೆ ಫೋನು ಮಾಡಬೇಕು. ಹಗಲು ಯಾರು ಕೊಡುತ್ತಾರೆ ಎಂದು ಕೇಳಿದಳು.

ಹಗಲು ಮನೆಯಲ್ಲಿ ಇರುವವಳು ಅವ್ವ ಒಬ್ಬಳೇ. ಆಸ್ಪತ್ರೆಯಿಂದ ಬಂದ ದಿನದಿಂದ ಅವಳು ನನಗೆ ಒಂದು ಲೋಟ ನೀರೂ ಕೊಟ್ಟಿರಲಿಲ್ಲ. ಕಲ್ಲನ್ನು ಹಿತ್ತಲಲ್ಲಿ ಬೋರಲು ಹಾಕಿದ್ದಳು. ಗುಟ್ಟಿಗೆ ಬಂದವರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದ್ದಳು.

"ನನ್ನ ಕೈ ಬ್ಯಾಡವಾ. ಈ ಕೈ ಕೆಟ್ಟೈತಿ. ಬ್ಯಾರೇ ಯಾರನ್ನರ ನೋಡು" ಎಂದಳು ರೇಣುಕಾಗೆ.

ಇಷ್ಟು ವರ್ಷ ಆ ಕಲ್ಲಿನ ಮೇಲೆ ಜಗಳ ಆಡಿದವಳು ರೇಣುಕಾ. ನಾನು ಹೇಳಿರಲಿಲ್ಲವೇ ಎಂದು ಒಂದು ಮಾತು ಅಂದಿದ್ದರೆ ಅವ್ವ ಅಲ್ಲೇ ಮುಗಿದುಹೋಗುತ್ತಿದ್ದಳು. ಅವಳು ಹಿತ್ತಲಿಗೆ ಹೋಗಿ ಕಲ್ಲನ್ನು ಎತ್ತಿ ತಂದಳು, ತಿಕ್ಕಿ ತೊಳೆದಳು, ದೇವರ ಮಾಡದಲ್ಲಿ ಗಂಧದ ಕೊರಡಿನ ಪಕ್ಕ ಇಟ್ಟಳು. ಆಮೇಲೆ ಬಾಟಲಿ, ಕಪ್ಪು ತಂದು ಅವ್ವನ ಮುಂದಿಟ್ಟಳು.

"ಅತ್ತಿ, ಇದನ್ನ ತೇಯೂದಿಲ್ಲ, ಕುದಸೂದಿಲ್ಲ, ಹಾಲು ಬೆರಸೂದಿಲ್ಲ. ಗೀಟಿನ ತನಕ ಹಾಕೂದು, ಕೊಡೂದು. ನಿಮ್ಮಷ್ಟು ಲೆಕ್ಕ ಇಟ್ಟು ಕೊಡವ್ರು ಈ ಓಣ್ಯಾಗ ಯಾರದಾರ?"

ಅವ್ವ ಕಪ್ಪು ಎತ್ತಿಕೊಂಡಳು. ಬಾಗಿಲ ಬೆಳಕಿಗೆ ಹಿಡಿದು ಗೀಟು ನೋಡುತ್ತಾ ಹನಿ ಹನಿ ಬಿಟ್ಟಳು. ಜಾಸ್ತಿಯಾಯಿತೇನೋ ಎಂದು ರೇಣುಕಾಗೆ ತೋರಿಸಿದಳು. ಇಲ್ಲ ಎಂದಳು ಅವಳು. ನನ್ನ ಹಾಸಿಗೆಯವರೆಗೆ ಬಂದು ಅವ್ವ ನಿಂತುಬಿಟ್ಟಳು. ಕಪ್ಪು ನನ್ನ ಬಾಯಿಗೂ ಅವಳ ಎದೆಗೂ ನಡುವೆ ಎಲ್ಲೋ ಇತ್ತು. ಮುಂದೆ ಬರುತ್ತಿಲ್ಲ, ಹಿಂದೆ ಹೋಗುತ್ತಿಲ್ಲ.

ನನಗೆ ಮಾತಿಲ್ಲ. ಕೊರಳಲ್ಲಿದ್ದ ಸೀಟಿ ತುಟಿಗಿಟ್ಟು ಇದ್ದ ಉಸಿರೆಲ್ಲ ಸೇರಿಸಿ ಊದಿದೆ. ಎರಡು ಸಲ.

ಅವ್ವ ಕಪ್ಪು ನನ್ನ ತುಟಿಗೆ ಹಿಡಿದಳು.

ಈಗ ನಾನು ಮತ್ತೆ ಅದೇ ರೂಟಿನಲ್ಲಿದ್ದೇನೆ. ದನಿ ಅರ್ಧ ಬಂದಿದೆ, ಮೂತ್ರಿಖಾನೆಯವರೆಗೆ ಮುಟ್ಟುವುದಿಲ್ಲ. ಕೊಪ್ಪಳದ ಆಸ್ಪತ್ರೆಯ ಚೀಲ ಹಿಡಿದವರು ಕಂಡರೆ ಟಿಕೆಟ್ ಕೊಡುತ್ತಲೇ ಮಾತಿಗೆ ಎಳೆಯುತ್ತೇನೆ. ಮೊನ್ನೆ ಯಲಬುರ್ಗಾದಲ್ಲಿ ಹತ್ತಿದವನೊಬ್ಬ, ಅಪ್ಪನ ಬೆನ್ನಿಗೆ ಅಂಟಿಸುವ ನೋವಿನ ಪಟ್ಟಿಯನ್ನು ಮನೆಯಲ್ಲೇ ಕತ್ತರಿಸಿ, ಬೇಗ ಹತ್ತಲಿ ಎಂದು ಮೇಲೆ ಬಿಸಿ ಉಪ್ಪಿನ ಕಾವು ಕೊಡುತ್ತೇವೆ ಎಂದ. ಅದೂ ನನ್ನ ಗುಳಿಗೆಯಂತೆ ಔಷಧವನ್ನು ಸ್ವಲ್ಪ ಸ್ವಲ್ಪವೇ ಬಿಡುವಂಥದ್ದು. ಒಂದು ಸೀಟಿ ಊದಿಬಿಟ್ಟೆ. ಡ್ರೈವರ್ ಗಾಬರಿಯಾಗಿ ಬ್ರೇಕು ಹಾಕಿದ. ಆ ಮನುಷ್ಯ ಅಲ್ಲೇ ಡಾಕ್ಟರಿಗೆ ಫೋನು ಮಾಡಿ ಕೇಳುವವರೆಗೆ ನಾನು ಎರಡನೇ ಸೀಟಿ ಊದಲಿಲ್ಲ. ಬಸ್ಸಿನ ಮಂದಿ ನನ್ನನ್ನು ಬೈದರು. ಬೈಯಲಿ ಬಿಡಿ.

ಕರೆಂಟು ಹಿಡಿದ ಕೊರಳಿಗೆ ಥೈರಾಯ್ಡಿನ ಒಂದು ಸಣ್ಣ ಗುಳಿಗೆ ಸಾಯುವವರೆಗೂ ಬೇಕಂತೆ. ಹೊಸ ಗುಳಿಗೆ ಮನೆಗೆ ಬಂದರೆ ಅವ್ವ ಮೊದಲು ಔಷಧದ ಅಂಗಡಿಗೇ ಹೋಗಿ, ನುಂಗೂದೋ, ಮುರಿಬಹುದೋ ಎಂದು ಕೇಳಿ ಬರುತ್ತಾಳೆ. ಇದನ್ನೂ ಕೇಳಿದ್ದಾಳೆ. ಬೆಳಗಾದರೆ ಅಂಗೈ ಮೇಲೆ ಅದನ್ನು ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ನೀರು ಹಿಡಿದು ಬಂದು ನಿಲ್ಲುತ್ತಾಳೆ. ನನ್ನ ಗಂಟಲ ಗಂಟು ಇಳಿದು ಏರುವವರೆಗೆ ಕಣ್ಣು ತೆಗೆಯುವುದಿಲ್ಲ.

"ಇಡಿಯಾಗಿ ಹೋತಾ?" ಎನ್ನುತ್ತಾಳೆ.

ಹೋಯಿತು ಎನ್ನಲು ಈಗ ನನಗೆ ಬಾಯಿದೆ. ಆದರೆ ಅವ್ವ ಅಲ್ಲೇ ನಿಂತಿರುತ್ತಾಳೆ, ಮಾತು ಅವಳಿಗೆ ಸಾಕಾಗುವುದಿಲ್ಲ. ನಾನು ಸೀಟಿ ತೆಗೆದು ಎರಡು ಸಲ ಊದುತ್ತೇನೆ. ಆಗ ಅವಳು ಒಲೆಯ ಕಡೆ ಹೋಗುತ್ತಾಳೆ.